ಇಳಿಯೋ ನೀರಿನ ಹಿಂದೆ, ಸಮುದ್ರದ ಚರ್ಚಿಗೆ

ಈ ನಡಿಗೆಗೆ ಹವಾಮಾನ ಆಮೇಲೆ ನೋಡಿದರೂ ನಡೆಯುತ್ತೆ, ಉಬ್ಬರ-ಇಳಿತದ ಪಟ್ಟಿ ಮೊದಲು ನೋಡಬೇಕು. ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ, ಅಬರ್‌ಫ್ರೌ ಹಳ್ಳಿಯ ಹತ್ತಿರ, ಕ್ರಿಬಿನಾಯ್ ಅನ್ನೋ ಪುಟ್ಟ ದ್ವೀಪದ ಮೇಲೆ ಸೇಂಟ್ ಕೂಯ್ವನ್ ಚರ್ಚ್ ಇದೆ. ನೀರು ಇಳಿದಾಗ ಮಾತ್ರ ದಾರಿ.

ಸಾಮಾನ್ಯವಾಗಿ ಜನ ಇಳಿತದ, ಅಂದರೆ ನೀರು ಪೂರ್ತಿ ಇಳಿದಿರೋ, ಸಮಯಕ್ಕೇ ಸರಿಯಾಗಿ ಬರುತ್ತಾರೆ. ನನಗೆ ಅದು ಸರಿ ಅನ್ನಿಸಲ್ಲ, ಯಾಕೆಂದರೆ ಅಲ್ಲಿಂದಾಚೆ ನೀರು ಏರೋದೇ ಬಾಕಿ, ಕಣ್ಣು ಗಡಿಯಾರದ ಮೇಲೇ ಇರುತ್ತೆ. ನಾನು ಹಾಲಿಹೆಡ್ ಬಂದರಿನ ಪಟ್ಟಿ ನೋಡುತ್ತೇನೆ. ಇಳಿತ ಒಂದು ಗಂಟೆಗೆ ಅಂತಿದ್ದರೆ ಹನ್ನೊಂದೂವರೆಗೇ ದಡದಲ್ಲಿರುತ್ತೇನೆ. ಬೇಸಿಗೆಯಲ್ಲಿ ಇಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತೆ, ಪಟ್ಟಿ ಗ್ರೀನಿಚ್ ಸಮಯದಲ್ಲಿದ್ದರೆ ಒಂದು ಗಂಟೆ ಕೂಡಿಸಿಕೊಳ್ಳಿ.

ಈ ಸಲ ಊರಿಂದ ಬಂದಿದ್ದ ಅಪ್ಪನೂ ಜೊತೆಗಿದ್ದರು. ಅಬರ್‌ಫ್ರೌನಲ್ಲಿ 1731ರ ಹಳೇ ಕಲ್ಲುಸೇತುವೆ ಹತ್ತಿರದಿಂದ ಹೊರಟೆವು. ಒಂದು ಕಾಲಕ್ಕೆ ಉತ್ತರ ವೇಲ್ಸ್ ಆಳಿದ ಗ್ವಿನೆಡ್ ರಾಜರ ರಾಜಧಾನಿ ಈ ಹಳ್ಳಿ, ಈಗ ನೋಡಿದರೆ ಯಾರೂ ನಂಬಲ್ಲ. ಹೊಳೆ ಎಡಕ್ಕಿಟ್ಟುಕೊಂಡು ಸಮುದ್ರದವರೆಗೆ, ಆಮೇಲೆ ಸಮುದ್ರ ಎಡಕ್ಕಿಟ್ಟುಕೊಂಡು ಕರಾವಳಿ ಕಾಲುದಾರಿ. ಕುರಿ ಹುಲ್ಲುಗಾವಲು, ಬಂಡೆ, ಗಾಳಿ. ಹಿಂದಿನ ದಿನ ಮಳೆಯಾಗಿದ್ದರೆ ಕೆಸರು ಜಾಸ್ತಿ, ಬೂಟು ಬೇಕೇ ಬೇಕು.

ದಡದಿಂದ ದ್ವೀಪಕ್ಕೆ ಹೋಗೋ ಕಲ್ಲುದಾರಿಯಲ್ಲೇ ನಿಜವಾದ ಕಷ್ಟ. ಕಂದು ಬಣ್ಣದ ಕಡಲಪಾಚಿ, ಅದರ ತುಂಬ ಗಾಳಿ ತುಂಬಿದ ಗುಳ್ಳೆ, ತುಳಿದರೆ ಪಟ್ ಅಂತ ಒಡೆಯುತ್ತೆ, ಜೊತೆಗೆ ಕಾಲೂ ಜಾರುತ್ತೆ. ಪಾಚಿ ಇಲ್ಲದ ಕಲ್ಲು ನೋಡಿ ಹೆಜ್ಜೆ ಇಡಿ, ಸುತ್ತು ಬಳಸಾದರೂ ಪರವಾಗಿಲ್ಲ.

ದ್ವೀಪದ ಸುತ್ತ ಆಳೆತ್ತರದ ಕಲ್ಲಿನ ಗೋಡೆ ಇದೆ, ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಅಪ್ಪ ಚರ್ಚಿನ ಗೋಡೆ ಸವರಿ, ‘ಸುಣ್ಣ ಹೊಡೆದಿದ್ದಾರೆ ಕಣೋ, ಪೇಂಟಲ್ಲ’ ಅಂದರು. ಹೌದು, ಸುಣ್ಣವೇ. ಚಿಕ್ಕ ಕಟ್ಟಡ, ಹಳೇ ಭಾಗ 12ನೇ ಶತಮಾನದ್ದು. ಅದಕ್ಕೂ ಎಷ್ಟೋ ಮುಂಚೆ, 7ನೇ ಶತಮಾನದಲ್ಲೇ ಇಲ್ಲಿ ಚರ್ಚ್ ಇತ್ತು ಅಂತ ಪ್ರತೀತಿ. ಕೂಯ್ವನ್ ಅಂದರೆ ಐರ್ಲೆಂಡಿನ ಗ್ಲೆಂಡಲಾಕ್‌ನ ಸಂತ ಕೆವಿನ್ ಅಂತಲೇ ಹೇಳುತ್ತಾರೆ. ಸಮುದ್ರದಾಚೆ ಐರ್ಲೆಂಡೇ ಇರೋದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ಆಗಿನ ಸಂತರಿಗೆ ಸಮುದ್ರವೇ ರಸ್ತೆ ತಾನೇ.

ಚರ್ಚ್ ಕಟ್ಟಿದಾಗ ಇದು ದ್ವೀಪವೇ ಆಗಿರಲಿಲ್ಲ. ಎರಡು ಕೊಲ್ಲಿಗಳ ನಡುವೆ ಚಾಚಿಕೊಂಡಿದ್ದ ನೆಲದ ತುದಿ ಅಷ್ಟೇ. ಜೇಡಿಮಣ್ಣಿನ ದಡವನ್ನು ಅಲೆ ಎರಡೂ ಕಡೆಯಿಂದ ಕೊರೆಯುತ್ತಾ ಬಂದು ತುದಿಯನ್ನು ಬೇರೆ ಮಾಡಿಬಿಟ್ಟಿತು. 19ನೇ ಶತಮಾನದ ಕೊನೆಗೆ ಸಮಾಧಿಗಳೇ ಸಮುದ್ರಕ್ಕೆ ಕುಸಿಯತೊಡಗಿದವು. ಆಗ ಹೆರಾಲ್ಡ್ ಹ್ಯೂಸ್ ಎಂಬ ವಾಸ್ತುಶಿಲ್ಪಿ ಹಣ ಕೂಡಿಸಿ, 1893ರಲ್ಲಿ ಈ ಗೋಡೆ ಕಟ್ಟಿಸಿ, ಚರ್ಚನ್ನೂ ದುರಸ್ತಿ ಮಾಡಿಸಿದರು. ನನ್ನ ಪ್ರಕಾರ ಇಲ್ಲಿ ನೋಡಬೇಕಾದ್ದು ಚರ್ಚಿಗಿಂತ ಈ ಗೋಡೆಯೇ.

ಬಾಗಿಲಿಗೆ ಸಾಮಾನ್ಯವಾಗಿ ಬೀಗ, ಬೇಸಿಗೆಯಲ್ಲಿ ಅಪರೂಪಕ್ಕೆ ಪ್ರಾರ್ಥನೆ ಇರುತ್ತೆ. ಬುತ್ತಿ ಬಿಚ್ಚೋದಕ್ಕೆ ಗಾಳಿ ಬೀಸದ ಮೂಲೆ ಹುಡುಕಿ. ಹತ್ತಿರದಲ್ಲೇ ಕಾರ್ ರೇಸಿನ ಟ್ರ್ಯಾಕ್ ಇದೆ, ಪ್ರಶಾಂತತೆ ಬೇಕಾದವರು ರೇಸ್ ಇಲ್ಲದ ದಿನ ನೋಡಿಕೊಂಡು ಹೋಗೋದು ಒಳ್ಳೇದು. ಅಪ್ಪನಿಗೆ ಮಾತ್ರ ಆ ಸದ್ದೇ ಖುಷಿ, ವಾಪಸ್ ಬರುವಾಗ ಅಲ್ಲಿಗೂ ಹೋಗೋಣ ಅಂತ ಒಂದೇ ಹಠ.