ಊರಲ್ಲಿ ಭೂಕಂಪ, ನೀವು ಹಾಸ್ಟೆಲಲ್ಲಿ, ಫೋನ್ ಹೋಗ್ತಿಲ್ಲ. ಏನ್ ಮಾಡೋದು?

ಫೋನ್ ಸ್ವಿಚ್ ಆಫ್ ಬಂತು ಅಂತ ಮನೇಲಿ ಏನೋ ಆಗೋಯ್ತು ಅಂದ್ಕೋಬೇಡಿ. ದೊಡ್ಡ ಭೂಕಂಪ ಆದಾಗ ಮೊದ್ಲು ಕರೆಂಟ್ ಹೋಗತ್ತೆ, ಟವರ್‌ಗಳು ಬ್ಯಾಟರಿ ಮೇಲೆ ಒಂದಷ್ಟು ಗಂಟೆ ಓಡಿ ಆಮೇಲೆ ಆಫ್ ಆಗತ್ವೆ, ಉಳಿದಿರೋ ಟವರ್ ಮೇಲೆ ಇಡೀ ಊರಿಗೆ ಊರೇ ಮುಗಿಬೀಳತ್ತೆ, ಜೊತೆಗೆ ಹೊರಗಿಂದ ನಮ್ಮಂಥೋರ ಕಾಲ್‌ಗಳು ಬೇರೆ.

ಅದಕ್ಕೇ ಕಾಲ್ ಬಿಟ್ಟು ಎಸ್ಸೆಮ್ಮೆಸ್ ಮಾಡಿ. ಕಾಲ್‌ಗೆ ಮಾತು ಮುಗಿಯೋವರೆಗೂ ಲೈನ್ ಬೇಕು, ಎಸ್ಸೆಮ್ಮೆಸ್‌ಗೆ ಒಂದು ಕ್ಷಣ ಸಂದು ಸಿಕ್ರೆ ಸಾಕು, ಆ ಕಡೆ ಫೋನ್ ಆಫ್ ಇದ್ರೂ ಸ್ವಲ್ಪ ಕಾಲ ಸರ್ವರಲ್ಲಿ ಕಾದಿದ್ದು ಆನ್ ಆದ್ಮೇಲೆ ತಲುಪತ್ತೆ. "ಎಲ್ಲಿದೀರಾ, ಯಾರ್ಯಾರು ಜೊತೆಗಿದೀರಾ, ಸೇಫ್ ಅಂತ ಒಂದೇ ಪದ ಕಳ್ಸಿ" ಅಷ್ಟೇ ಸಾಕು. ನಾನು ಇದೆಲ್ಲ ಗೊತ್ತಿಲ್ದೆ ರಾತ್ರಿಯಿಡೀ ರೀಡಯಲ್ ಒತ್ತಿದ್ದೆ, ಮನೆಯವ್ರ ಫೋನಲ್ಲಿ ಉಳಿದಿದ್ದ ಚೂರುಪಾರು ಚಾರ್ಜು ನನ್ನ ಕಾಲ್‌ಗಳಿಗೇ ಖರ್ಚಾಯ್ತು ಅಂತ ಆಮೇಲೆ ಬೈಸ್ಕೊಂಡೆ.

ವಾಟ್ಸಾಪಲ್ಲಿ ಒಂದೇ ಟಿಕ್ ಇದ್ರೆ ಮೆಸೇಜ್ ಅವ್ರ ಫೋನ್‌ಗೆ ತಲುಪಿಲ್ಲ ಅಂತ ಮಾತ್ರ ಅರ್ಥ, ಬೇರೇನೂ ಅಲ್ಲ. ಲಾಸ್ಟ್ ಸೀನ್ ಕಾಣ್ತಿದ್ರೆ ಭೂಕಂಪ ಆದ ಟೈಮ್ ಜೊತೆ ಹೋಲ್ಸಿ ನೋಡಿ, ಅದಾದ್ಮೇಲಿಂದು ಇದ್ರೆ ಅರ್ಧ ಜೀವ ಬಂದಂಗೆ. ಆದ್ರೆ ಟೈಮ್ ಝೋನ್ ನೋಡ್ಕೊಳ್ಳಿ, ಭೂಕಂಪದ ಸೈಟ್‌ಗಳಲ್ಲಿ ಟೈಮ್ ಎಷ್ಟೋ ಸಲ ಯುಟಿಸಿ, ಅಂದ್ರೆ ಇಡೀ ಜಗತ್ತಿಗೆ ಒಂದೇ ಅಂತ ಇಟ್ಕೊಂಡಿರೋ ಟೈಮ್ ಲೆಕ್ಕದಲ್ಲಿರತ್ತೆ.

ಮನೆಯವ್ರೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡೋದು ಬಿಟ್ಟು, ಹಾನಿ ಆಗಿರೋ ಜಾಗದಿಂದ ದೂರ ಇರೋ ಒಬ್ರು ನೆಂಟರನ್ನ ಹಿಡ್ಕೊಳ್ಳಿ. ಯಾರಿಗೆ ಸುದ್ದಿ ಬಂದ್ರೂ ಅವ್ರಿಗೆ ಹೇಳೋದು, ಅವ್ರು ಎಲ್ಲರಿಗೂ ಹೇಳೋದು. ಅಲ್ಲಿ ಸಿಕ್ಕಾಕ್ಕೊಂಡೋರಿಗೂ ಲೋಕಲ್ ಕಾಲ್‌ಗಿಂತ ಹೊರಗಿನೋರಿಗೆ ಲೈನ್ ಸಿಗೋದು ಎಷ್ಟೋ ಸಲ ಸುಲಭ.

ಟೀವಿ ಹಾಕ್ಕೊಂಡು ಕೂತ್ರೆ ಹುಚ್ಚು ಹಿಡಿಯತ್ತೆ, ಹಳೇ ವಿಡಿಯೋಗಳನ್ನೇ ಇವತ್ತಿಂದು ಅಂತ ಹಾಕೋರೂ ಇರ್ತಾರೆ. ಭೂಕಂಪದ ಕೇಂದ್ರ ಎಲ್ಲಿ ಅನ್ನೋದ್ರಿಂದ್ಲೇ ಲೆಕ್ಕ ಹಾಕ್ಬೇಡಿ. 2015ರ ಏಪ್ರಿಲ್ 25ರ ನೇಪಾಳದ 7.8ರ ಭೂಕಂಪದ ಕೇಂದ್ರ ಇದ್ದಿದ್ದು ಗೋರ್ಖಾ ಜಿಲ್ಲೇಲಿ, ಅತಿ ಹೆಚ್ಚು ಜನ ಸತ್ತಿದ್ದು ಕಾಠ್ಮಂಡುವಿನ ಆಚೆ ಪೂರ್ವಕ್ಕಿರೋ ಸಿಂಧುಪಾಲ್ಚೋಕಲ್ಲಿ. ಅಮೆರಿಕ ಸರ್ಕಾರದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನೋರು ಹಾಕೋ ಶೇಕ್‌ಮ್ಯಾಪಲ್ಲಿ ಯಾವ್ಯಾವ ಕಡೆ ಎಷ್ಟು ಜೋರಾಗಿ ಅಲುಗಾಡಿದೆ ಅಂತ ಬಣ್ಣದಲ್ಲಿ ತೋರ್ಸಿರ್ತಾರೆ, ಅದನ್ನ ಒಂದು ಸಲ ನೋಡಿ ಮುಚ್ಚಿಬಿಡಿ.

ದಿನ ಕಳೆದ್ರೂ ಸುದ್ದಿ ಇಲ್ಲ ಅಂದ್ರೆ ರೆಡ್ ಕ್ರಾಸ್‌ಗೆ ಹೇಳಿ, ಸಂಪರ್ಕ ತಪ್ಪಿಹೋದ ಮನೆಯವ್ರನ್ನ ಹುಡುಕ್ಕೊಡೋದೇ ಅವ್ರದ್ದೊಂದು ಕೆಲಸ, ನೀವಿರೋ ದೇಶದ ರೆಡ್ ಕ್ರಾಸಲ್ಲೇ ಅರ್ಜಿ ಕೊಡ್ಬಹುದು. ಮನೆಯವ್ರ ನಂಬರನ್ನ ಎಲ್ಲಾ ಕಡೆ ಪೋಸ್ಟ್ ಮಾಡ್ಬೇಡಿ, ಇಂಥ ಟೈಮಲ್ಲೇ ದುಡ್ಡು ಕೀಳೋರು ಫೋನ್ ಮಾಡೋದು.

ಮತ್ತೆ ನಿಮ್ಮ ಪಾಡು. ವಾರ್ಡನ್‌ಗೋ ಒಬ್ರು ಮೇಷ್ಟ್ರಿಗೋ ಹೇಳಿಬಿಡಿ, ಪರೀಕ್ಷೆ ಇದ್ರಂತೂ ಇವತ್ತೇ. ನಿದ್ದೆಗೆ ಹೋಗೋವಾಗ ಫೋನನ್ನ ರೂಮ್‌ಮೇಟ್ ಕೈಲಿ ಕೊಡಿ, ಏನಾದ್ರೂ ಬಂದ್ರೆ ಎಬ್ಬಿಸ್ತಾರೆ. ನಂಗಂತೂ ಹಂಗೇ ಎರಡು ಗಂಟೆ ಕಣ್ಣು ಮುಚ್ಚಕ್ಕಾಗಿದ್ದು.

ಸೇಫ್ ಅಂತ ಬಂತಾ? ತಕ್ಷಣ ಕಾಲ್ ಮಾಡ್ಬೇಡಿ, ಆ ನೆಂಟರಿಗೆ ತಿಳ್ಸಿ. ನೇಪಾಳದಲ್ಲಿ 17 ದಿನ ಆದ್ಮೇಲೆ ಮೇ 12ಕ್ಕೆ 7.3ರದ್ದು ಇನ್ನೊಂದಾಯ್ತು, ಅದಕ್ಕೇ ದಿನಾ ಇಂಥ ಹೊತ್ತಿಗೆ ಒಂದು ಎಸ್ಸೆಮ್ಮೆಸ್ ಅಂತ ಮನೆಯವ್ರ ಜೊತೆ ಟೈಮ್ ಫಿಕ್ಸ್ ಮಾಡ್ಕೊಳ್ಳಿ.