ಹನ್ನೆರಡು ಅಂಕ

ಸಮಾಜಶಾಸ್ತ್ರ ಪಾಠ ಮಾಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಜಾತಿ ಬಗ್ಗೆ ಲೇಖನ ಬರೆದಿದ್ದೇನೆ, ಸೆಮಿನಾರುಗಳಲ್ಲಿ ಮಾತಾಡಿದ್ದೇನೆ. ಆದರೆ ಪಿಎಚ್.ಡಿ. ಸಂದರ್ಶನದ ಕೋಣೆಯಲ್ಲಿ ಬಾಯಿ ತೆರೆಯಲು ತುಂಬಾ ತಡ ಮಾಡಿದೆ.

ಎರಡು ವರ್ಷದ ಹಿಂದಿನ ಮಾತು. ಬೆಳಗ್ಗೆ ಎಂ.ಎ. ಮಕ್ಕಳಿಗೆ ಮಹಾರಾಷ್ಟ್ರದ ಮಹಾಡ್ ಊರಿನ ಕೆರೆ ನೀರಿನ ಹೋರಾಟದ ಬಗ್ಗೆ ಪಾಠ ಮಾಡಿದ್ದೆ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಸೇರಿದ್ದು ಅಂತ ಮುಂಬೈ ಶಾಸನ ಪರಿಷತ್ತು 1923ರಲ್ಲೇ ಠರಾವು ಮಾಡಿತ್ತು. ಆದರೂ ದಲಿತರು ಆ ಊರಿನ ಚವದಾರ್ ಕೆರೆಯ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಆ ನೀರು ಕುಡಿದರು. ಕಾಗದದಲ್ಲಿರುವ ಹಕ್ಕು ಬೇರೆ, ಕೈಗೆ ಸಿಗುವ ಹಕ್ಕು ಬೇರೆ ಅಂತ ಮಕ್ಕಳಿಗೆ ಹೇಳಿ ಬಂದಿದ್ದೆ.

ಮಧ್ಯಾಹ್ನ ರಾಯಚೂರು ಕಡೆಯ ಹುಡುಗನೊಬ್ಬ ಸಂದರ್ಶನಕ್ಕೆ ಬಂದ. ಪೌರಕಾರ್ಮಿಕ ಕುಟುಂಬಗಳ ಸಾಲದ ಬಗ್ಗೆ ಸಿನಾಪ್ಸಿಸ್ (ಮಾಡಲಿರುವ ಸಂಶೋಧನೆಯ ರೂಪುರೇಷೆ) ಬರೆದಿದ್ದ. ನಾನೂ ಇದ್ದ ಸಂದರ್ಶನ ಸಮಿತಿಯ ಒಬ್ಬರು ಅರ್ಜಿ ತಿರುವಿ, "ಕೆಟಗರಿ ಸೀಟಾ?" ಅಂದರು. ಆಮೇಲೆ, "ಅಪ್ಪ ಏನ್ ಮಾಡ್ತಾರೆ?"

"ಪೌರಕಾರ್ಮಿಕರು ಸರ್."

ಅಲ್ಲಿಂದ ಮುಂದೆ ಸಿನಾಪ್ಸಿಸ್ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಹುಡುಗ ಫೈಲನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದ. ಉಗುರಿನ ತುದಿ ಬಿಳಿಚಿಕೊಂಡಿತ್ತು. ಅವನು ಹೊರಗೆ ಹೋದ ಮೇಲೆ, "ಹನ್ನೆರಡು ಸಾಕು" ಅಂದರು. ನಾನೂ ಹನ್ನೆರಡೇ ಬರೆದೆ. ಅವನಿಗೆ ಸೀಟು ಸಿಗಲಿಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪ್ರವೇಶ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30. ಆ ಮೂವತ್ತು ಪೂರ್ತಿ ನಮ್ಮ ಕೈಯಲ್ಲೇ ಇರುತ್ತದೆ. ಯಾರಿಗೆ ಸೀಟು, ಯಾರು ಮನೆಗೆ ಅನ್ನುವುದು ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ.

ಮುಂದಿನ ವರ್ಷ ಸಮಿತಿಯ ಮುಂದೆ ಮೊದಲೇ ಕೆಲವು ಮಾತು ಇಟ್ಟೆ. ಜಾತಿ, ಅಪ್ಪನ ಕೆಲಸ ಇರುವ ಹಾಳೆ ಆಫೀಸಿನಲ್ಲಿರಲಿ, ನಮ್ಮ ಮೇಜಿಗೆ ಸಿನಾಪ್ಸಿಸ್ ಮಾತ್ರ ಬರಲಿ. ಎಲ್ಲರಿಗೂ ಮೊದಲ ನಾಲ್ಕು ಪ್ರಶ್ನೆ ಒಂದೇ. ಉತ್ತರ ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ. (ಪಟಪಟ ಇಂಗ್ಲಿಷ್ ಮಾತಾಡಿದರೆ ಜಾಣ ಅನ್ನುವ ಭ್ರಮೆಗೆ ಎಷ್ಟು ಒಳ್ಳೆಯ ವಿದ್ಯಾರ್ಥಿಗಳನ್ನು ಕಳೆದುಕೊಂಡಿದ್ದೇವೋ!) ಒಬ್ಬರಿಗೊಬ್ಬರು ಮಾತಾಡುವ ಮೊದಲೇ ಅಂಕ ಬರೆಯಬೇಕು, ಪಕ್ಕದಲ್ಲಿ ಒಂದು ಸಾಲು ಕಾರಣವನ್ನೂ ಬರೆಯಬೇಕು. ತಾರತಮ್ಯ ತಡೆಯಲು ಯುಜಿಸಿ 2012ರಲ್ಲಿ ಮಾಡಿದ ನಿಯಮವನ್ನೂ ಓದಿ ಹೇಳಿದೆ. ವಿದ್ಯಾರ್ಥಿಗಳಿಗೆ 'ಮೀಸಲಾತಿಯವರು' ಅಂತ ಹಣೆಪಟ್ಟಿ ಹಚ್ಚುವುದೂ ತಾರತಮ್ಯವೇ ಅಂತ ಅದರಲ್ಲಿದೆ.

ಹಿರಿಯರೊಬ್ಬರಿಗೆ ಬೇಜಾರಾಯಿತು. "ನಮ್ ಮೇಲೆ ನಂಬಿಕೆ ಇಲ್ವಾ ಮೇಡಂ?"

"ನನ್ ಮೇಲೇ ಇಲ್ಲ ಸರ್. ಆವತ್ತು ಹನ್ನೆರಡು ಬರೆದವಳು ನಾನೇ."

ಅವರು ಸುಮ್ಮನಾದರು. ಒಪ್ಪಿದರೋ ಇಲ್ಲವೋ, ಅಂಕದ ಪಕ್ಕ ಕಾರಣ ಬರೆದರು. ಒಂದೇ ಉತ್ತರಕ್ಕೆ ಒಬ್ಬರದು ಇಪ್ಪತ್ತನಾಲ್ಕು, ಇನ್ನೊಬ್ಬರದು ಹದಿನಾಲ್ಕು ಬಂದಾಗ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಅರ್ಧ ಗಂಟೆ ಚರ್ಚೆ ಮಾಡಿದೆವು. ಹಿಂದೆಂದೂ ಹಾಗೆ ಮಾಡಿರಲಿಲ್ಲ.

ಹೆಸರು, ಊರು ಕೇಳಿಯೇ ಜಾತಿ ಲೆಕ್ಕ ಹಾಕುವುದನ್ನು ಯಾವ ಹಾಳೆಯೂ ತಡೆಯುವುದಿಲ್ಲ ಅಲ್ವಾ? ಈ ವರ್ಷವೂ ಒಬ್ಬರು, "ಯಾವ ಕಡೆ ಜನ ನೀವು?" ಅಂತ ಶುರುಮಾಡಿದರು. "ಆ ಪ್ರಶ್ನೆ ಬೇಡ ಸರ್, ಸಿನಾಪ್ಸಿಸ್ ಬಗ್ಗೆ ಕೇಳಿ" ಅಂದೆ. ಎದುರು ಕೂತಿದ್ದ ಹುಡುಗಿಗೂ ಕೇಳಿಸುವ ಹಾಗೆ.