ದವಡೆಯ ಗೆರೆಗೆ ಲಿಂಗ ಕಟ್ಟಬೇಡಿ: ಇದ್ದಿಲಿನ ಭಾವಚಿತ್ರ

ಗಂಡಿನ ದವಡೆಗೆ ಗಟ್ಟಿ ಗೆರೆ, ಹೆಣ್ಣಿನ ಕೆನ್ನೆಗೆ ಉಜ್ಜಿದ ಮಬ್ಬು: ಈ ಸೂತ್ರಕ್ಕೆ ಇದ್ದಿಲಿನಷ್ಟು ಬೇಗ ಸೋಲುವ ಮಾಧ್ಯಮ ಇನ್ನೊಂದಿಲ್ಲ. ಅಂಚನ್ನು ಕರಗಿಸಲು ಇಲ್ಲಿ ಒಂದು ಬೆರಳು ಸಾಕು. ಹಾಗೆ ಉಜ್ಜಿದ ಮುಖ ಬೊಂಬೆಯಾಗುತ್ತದೆ, ಬೆರಳಿನ ಜಿಡ್ಡೂ ಕಾಗದಕ್ಕೆ ಹಿಡಿಯುತ್ತದೆ.

ಚಿತ್ರಕ್ಕೆ ಕೂರುವವರನ್ನು ಮೊದಲೇ ಕೇಳಿ: ಗಡ್ಡದ ನೆರಳು ಇರಲೇ, ಬೊಟ್ಟು, ಮೂಗುತಿ ಬೇಕೇ? ಮುಂಬೈಯ ಯಕ್ಷಗಾನ ತಂಡದ ಸ್ತ್ರೀವೇಷಧಾರಿಯಾದರೆ ವೇಷದಲ್ಲೋ, ಬಣ್ಣ ತೆಗೆದ ಮೇಲೋ ಎಂಬುದು ಅವರದೇ ತೀರ್ಮಾನ. ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಮಾನ್ಯ ಮಾಡಿದೆ. ಚಿತ್ರದ ಕೆಳಗೂ ಅವರು ಹೇಳಿದ ಹೆಸರೇ ಇರಲಿ.

ಟ್ಯೂಬ್‌ಲೈಟ್ ಆಫ್ ಮಾಡಿ. ಮುಂಬೈಯ ಮಾಟುಂಗದ ಒಂದೇ ಕೋಣೆಯ ಮನೆಯಾದರೂ ಕಿಟಕಿಯ ಬೆಳಕು ಮುಖಕ್ಕೆ 45 ಡಿಗ್ರಿ ಓರೆಯಾಗಿ ಬಿದ್ದರೆ ಸಾಕು. ತರಿಯುಳ್ಳ ಎ3 ಕಾಗದಕ್ಕೆ ವಿಲೋ ಇದ್ದಿಲನ್ನು (ವಿಲೋ ಮರದ ಕಡ್ಡಿ ಸುಟ್ಟ ಮೃದು ಇದ್ದಿಲು) ಅಡ್ಡ ಮಲಗಿಸಿ ತೆಳುವಾಗಿ ಹಾಸಿ, ಹತ್ತಿಬಟ್ಟೆಯಿಂದ ಒಮ್ಮೆ ಒರೆಸಿ. ಕಂದು ಮೈಬಣ್ಣಕ್ಕೆ ಬಿಳಿ ಹಾಳೆಗಿಂತ ಈ ಬೂದು ನೆಲವೇ ಹತ್ತಿರ. ಹೊಳಪನ್ನು ಪುಟ್ಟಿ ರಬ್ಬರಿನಿಂದ (ಹಿಟ್ಟಿನಂತೆ ನಾದಬಹುದಾದ ಮೆತ್ತನೆಯ ರಬ್ಬರ್) ಎತ್ತುತ್ತಾ ಹೋಗಿ.

ಮೊದಲ 15 ನಿಮಿಷ ದೊಡ್ಡ ನೆರಳುಗಳು ಮಾತ್ರ. ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗಲ್ಲ ಸಮವೆಂಬುದು ಸರಾಸರಿಯಷ್ಟೇ; ಕಡ್ಡಿ ಹಿಡಿದು ಎದುರಿನವರನ್ನೇ ಅಳೆಯಿರಿ. ಹೆಣ್ಣಿನ ಹುಬ್ಬೆಲುಬು ಮುಂದೆ ಬಂದಿದ್ದರೆ ಹಾಗೇ ಬರಲಿ.

ತುಟಿಯಲ್ಲಿ ತಪ್ಪುವವರೇ ಹೆಚ್ಚು. ಮೇಲಿನಿಂದ ಬೀಳುವ ಬೆಳಕಿನಲ್ಲಿ ಮೇಲ್ತುಟಿ ನೆರಳಿಗೆ ಸೇರಿ, ಕೆಳತುಟಿ ಬೆಳಗುತ್ತದೆ. ಎರಡನ್ನೂ ಕಪ್ಪಾಗಿ ತುಂಬಿದರೆ ಹಚ್ಚದ ಲಿಪ್‌ಸ್ಟಿಕ್ ಚಿತ್ರಕ್ಕೆ ಬರುತ್ತದೆ. ರೆಪ್ಪೆಗೂದಲನ್ನೂ ಎಣಿಸಬೇಡಿ, ಮೇಲ್ರೆಪ್ಪೆ ಯಾರದೇ ಆಗಲಿ, ಒಂದೇ ಕಪ್ಪು ಪಟ್ಟಿ. ಗಡ್ಡದ ನೆರಳಿಗೆ ವಿಲೋ ಸವರಿ, ಪುಟ್ಟಿಯನ್ನು ಅಲ್ಲಲ್ಲಿ ಒತ್ತಿ ಎತ್ತಿ. ಕುಂಕುಮದ ಕೆಂಪು ಕಪ್ಪು-ಬಿಳುಪಿನಲ್ಲಿ ಗಾಢವಾಗುತ್ತದೆ, ಕಪ್ಪು ಹಣೆಯ ಮೇಲೆ ಕಳೆದುಹೋಗುತ್ತದೆ. ಅದರ ಅಂಚನ್ನು ಚೂಪಾಗಿಡಿ.

ಕಂಪ್ರೆಸ್ಡ್ ಇದ್ದಿಲು (ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಗಾಢ ಕಡ್ಡಿ) ಕೊನೆಗೆ, ಕಣ್ಣಪಾಪೆ, ಮೂಗಿನ ಹೊಳ್ಳೆಗಷ್ಟೇ. ಅದು ಪೂರ್ತಿ ಅಳಿಯುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರಿದ ಕಾಗದದಲ್ಲಿ ಬೂದು ತೇಪೆತೇಪೆಯಾಗುತ್ತದೆ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಇದ್ದಿಲು ಉದುರದಂತೆ ಹಿಡಿದಿಡುವ ಫಿಕ್ಸೆಟಿವನ್ನು ಗಾಳಿಯಾಡುವ ಕಡೆ, 30 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಸಲ ಸಿಂಪಡಿಸಿ. ಹೆಚ್ಚಾದರೆ ಎತ್ತಿದ ಹೊಳಪು ಮಂಕಾಗುತ್ತದೆ. ಅದಕ್ಕೂ ಮೊದಲು ಚಿತ್ರವನ್ನು ಕೂತವರಿಗೆ ತೋರಿಸಿ. ಸಿಂಪಡಿಸಿದ ಮೇಲೆ ಪುಟ್ಟಿಗೆ ಇದ್ದಿಲು ಸರಿಯಾಗಿ ಏಳದು, ದವಡೆಯನ್ನು ತಿದ್ದುವುದು ಕಷ್ಟ.